ಎಡಗಣ್ಣಿನವನ ಕ್ಯಾಮೆರಾ ಕಥಿ

ಗಂಗಾವತಿಯೊಳಗ ನಾನು ಮದುವಿ ಫೋಟೋ ತೆಗೆಯಾಕ ಶುರು ಮಾಡಿದ್ದು 1994ರಾಗ, ಕೈಯಾಗ ಇದ್ದದ್ದು ಮಾಮನ ಹಳೇ ಫಿಲ್ಮ್ ಕ್ಯಾಮೆರಾ, ನಿಕಾನ್ ಎಫ್‌ಎಂ2. ಲೆನ್ಸ್ ಬಿಟ್ಟು ಬಾಡಿ ತೂಕ ಬರೀ 540 ಗ್ರಾಂ, ಆದ್ರ ಮುಂದ ಗ್ರಿಪ್ ಅನ್ನೋದ ಇಲ್ಲ, ಸಪಾಟ ಡಬ್ಬಿ ಇದ್ದಂಗ, ಮೇ ತಿಂಗಳ ಬಿಸಿಲಿಗೆ ಅಂಗೈ ಬೆವತು ಜಾರತಿತ್ತು, ಕಡೀಕ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿಕೊಂಡೆ. ಅದಕ್ಕಿಂತ ದೊಡ್ಡ ಫಜೀತಿ, ನಾನು ನೋಡೋದು ಎಡಗಣ್ಣಿನಿಂದ. ಫಿಲ್ಮ್ ತಿರುವೋ ಲಿವರ್ ಸ್ವಲ್ಪ ಹೊರಗ ಎಳದ್ರನ ಅದರಾಗ ಬಟನ್ ಒತ್ತಾಕ ಬರತಿತ್ತು, ನನ್ನಂಥವರಿಗೆ ಆ ಲಿವರ್ ಸೀದಾ ಹಣೀಗೆ ಚುಚ್ಚತಿತ್ತು. ಬಲ ಹುಬ್ಬಿನ ಮ್ಯಾಲೆ ಕೆಂಪು ಗೆರಿ ನೋಡಿ ಬೀಗರು "ಯಾರ ಜೋಡಿ ಜಗಳಾಡಿ ಬಂದಿ ತಮ್ಮಾ" ಅಂತ ಕೇಳೋರು!

ಕ್ಯಾನನ್‌ನವರು ಉರುಟು ಗ್ರಿಪ್ಪು, ಬೆರಳಿಗೆ ಡಯಲ್ಲು ಇಟ್ಟು ಟಿ90 ಕ್ಯಾಮೆರಾ ತಂದದ್ದು 1986ರಾಗನ, ಆದ್ರ ನನ್ನ ಕೈಗೆ ಅಂಥಾ ಬಾಡಿ ಸಿಕ್ಕದ್ದು ಡಿಜಿಟಲ್ ಬಂದ ಮ್ಯಾಲೆ. ನನ್ನ ಈಗಿನ ಡಿಜಿಟಲ್ ಕ್ಯಾಮೆರಾ ನಿಕಾನ್ ಝಡ್6 ದಿನಪೂರ್ತಿ ಹಿಡಿದ್ರೂ ಕೈ ನೋಯಂಗಿಲ್ಲ, ಖರೇ. ಆದ್ರ ಹಳೇ ಲೆನ್ಸಿನಾಗ ಬೆಳಕಿನ ತೂತು ಹೆಚ್ಚು ಕಡಿಮಿ ಮಾಡೋ ಅಪರ್ಚರ್ ರಿಂಗ್ ಕತ್ತಲದಾಗೂ ಟಿಕ್ ಟಿಕ್ ಎಣಿಸಿ ತಿರುವತಿದ್ದೆ, ಕ್ಯಾಮೆರಾ ಆನ್ ಮಾಡೋದು ಬ್ಯಾಡಾಗಿತ್ತು, ಆ ಸುಖ ಹೋತು.

ಹಳೇ ಲೆನ್ಸ್ ಚಲೋನೋ ಹೊಸಾದು ಚಲೋನೋ ಅನ್ನೋ ವಿಷಯಕ್ಕ ಮಂದಿ ಹೇಳೋದು ನಂಬದ ನಾನ ಒಂದಿನ ಇಟಗಿ ಮಹಾದೇವ ದೇವಸ್ಥಾನಕ್ಕ ಹೋದೆ. 1112ರಾಗ ಕಟ್ಟಿದ ಗುಡಿ, ಆ ಕಂಬಗಳ ಸಣ್ಣ ಕೆತ್ತನಿಗಿಂತ ಚಲೋ ಟೆಸ್ಟ್ ಚಾರ್ಟ್ ಎಲ್ಲಿ ಸಿಗತೈತಿ. ಹಳೇ ಮ್ಯಾನುವಲ್ 50 ಎಂಎಂ 1.8 ಅಡಾಪ್ಟರ್ ಹಾಕಿ, ಹೊಸಾ ಝಡ್ 50 ಎಂಎಂ 1.8, ಎರಡರಾಗೂ ಟ್ರೈಪಾಡ್ ಮ್ಯಾಲೆ ಅದ ಫ್ರೇಮು. ಬೆಳಕಿನ ತೂತು ಸಣ್ಣ ಮಾಡಿ ಎಫ್8ರಾಗ ತೆಗೆದಾಗ ಯಾವುದು ಯಾವುದರದು ಅಂತ ನನಗ ಗೊತ್ತಾಗಲಿಲ್ಲ. ತೂತು ಪೂರ್ತಿ 1.8ಕ್ಕ ತೆರೆದಾಗ ಮಾತ್ರ ಹಳೇದರಾಗ ಮೂಲಿ ಕಡೆ ಕೆತ್ತನಿ ಕಲಸಿದಂಗ, ಬಾಗಲಾಗಿಂದ ಬೆಳಕು ಎದುರು ಬಂದ್ರ ಪೂರ್ತಿ ಮಂಜು. ಹೊಸಾದು ಮೂಲಿತನಕ ಚೊಕ್ಕ. ಯಾಕಂದ್ರ ಹಳೇದರಾಗ 6 ಗಾಜು, ಹೊಸಾದರಾಗ 12, ಮ್ಯಾಲೆ ಕೋಟಿಂಗ್ ಬ್ಯಾರೆ ಸುಧಾರಿಸೈತಿ. ಅದಕ್ಕ ತೂಕಾನೂ 415 ಗ್ರಾಂ.

ಹಂಗಾಗಿ ರಾತ್ರಿ ರಿಸೆಪ್ಷನ್ನಿಗೆ, ಎಲ್‌ಇಡಿ ಎದುರಿಗಿದ್ದಲ್ಲಿ, ಹೊಸಾದನ್ನ ಹಾಕತೀನಿ. ಹಗಲು ಮನಿಮಂದಿ ಗ್ರೂಪ್ ಫೋಟೋಕ್ಕ ಹೆಂಗಿದ್ರೂ ಎಫ್8, ಆ ಹಳೇ ಲೆನ್ಸ ಸಾಕು, ಇವತ್ತಿಗೂ ಯಾರೂ ಕೇಳಿಲ್ಲ.