ಕುಡಿತ ಬಿಡಿಸಿ ಬೀದಿಯಿಂದ ಮನೆಗೆ: ಯಾವುದು ಮೊದಲು, ಯಾವುದು ಆಮೇಲೆ?

ಗಂಡನ ಕುಡಿತದಿಂದ ರೂಮಿನ ಅಡ್ವಾನ್ಸೆಲ್ಲಾ ಬಾಡಿಗೆ ಬಾಕಿಗೆ ಮುರಿದುಹೋಗಿದೆ, ಓನರ್ ಪಾತ್ರೆ-ಪಡಗ ಹೊರಗಿಟ್ಟಿದ್ದಾರೆ, ಗಂಡ, ಹೆಂಡತಿ, ಮಕ್ಕಳು ಫ್ಲೈಓವರ್ ಕೆಳಗೆ. ಬೆಂಗಳೂರಿನ ಆಶ್ರಯ ಕೇಂದ್ರಕ್ಕೆ ಬರುವ ಎಷ್ಟೋ ಸಂಸಾರಗಳ ಕಥೆ ಇದೇ. ಅಲ್ಲಿ ಸ್ವಯಂಸೇವೆಗೆ ಹೋಗುವ ನಾನು ಪದೇ ಪದೇ ನೋಡುವುದೇನೆಂದರೆ, ಒಳ್ಳೆ ಮನಸ್ಸಿನಿಂದ ಬಂದ ನೆಂಟರೇ ಅವಸರ ಮಾಡಿ ಕೆಲಸ ಕೆಡಿಸುತ್ತಾರೆ.

ಮೊದಲು ಸೂರು. ನಗರದ ವಸತಿರಹಿತರ ಆಶ್ರಯ ಕೇಂದ್ರಗಳನ್ನು ಪಾಲಿಕೆ, ನಗರಸಭೆಗಳು ಸಂಘ-ಸಂಸ್ಥೆಗಳ ಕೈಯಲ್ಲಿ ನಡೆಸುತ್ತವೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಸಂಸಾರಸ್ಥರಿಗೆ ಬೇರೆ. ಕುಟುಂಬದ ಕೇಂದ್ರ ಎಲ್ಲಿದೆ ಅಂತಲೇ ಕೇಳಿ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಎತ್ತಿಹಾಕಿಕೊಂಡು ಹೋಗ್ತಾರೆ ಅಂತ ಹೆದರಿ ದೂರ ಉಳಿಯುವವರಿದ್ದಾರೆ. ಅದು ಭಿಕ್ಷಾಟನೆ ನಿಷೇಧ ಕಾಯ್ದೆಯ ಜಾಗ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಸೇರುವ ದಿನವೇ ಒಂದು ಪ್ರಶ್ನೆ ಕೇಳಿಬಿಡಿ: ಒಂದು ರಾತ್ರಿ ಗಂಡ ಕುಡಿದು ಬಂದರೆ ಹೆಂಡತಿ-ಮಕ್ಕಳನ್ನೂ ಹೊರಗೆ ಹಾಕ್ತೀರಾ? ಇನ್ನು ಹೆಂಡತಿಗೆ ಹೊಡೆತ ಬೀಳುತ್ತಿದ್ದರೆ ಒಟ್ಟಿಗೆ ಇರಿಸುವ ಮಾತೇ ಬೇಡ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಎರಡನೇದು ಕುಡಿತ ನಿಲ್ಲಿಸುವುದು. ಎಲ್ಲರೂ ಎಡವುವುದು ಇಲ್ಲೇ. ಜಾಗ ಸಿಕ್ಕಿದ ರಾತ್ರಿಯೇ ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುತ್ತಾರೆ. ಪಾಪ, ಆತ ನಿಜವಾಗಿಯೂ ನಿಲ್ಲಿಸುತ್ತಾನೆ. ಅಪಾಯ ಶುರುವಾಗುವುದೇ ಆಗ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಏಕಾಏಕಿ ನಿಲ್ಲಿಸಿದರೆ ತಡೆಯೋದಿಲ್ಲ. ಕೊನೆಯ ಗುಟುಕಿನಿಂದ ಒಂದು ದಿನದೊಳಗೆ ಕೈ ನಡುಕ, ಬೆವರು, ವಾಂತಿ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನದಿಂದ ಸನ್ನಿ: ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂತಾರೆ, ಹೆಂಡತಿಯ ಗುರುತೇ ಹತ್ತೋದಿಲ್ಲ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಓಡುವುದು ಈ ಹೊತ್ತಿನಲ್ಲೇ. ಸನ್ನಿಗೆ ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ಬೆಳಿಗ್ಗೆ ಟೀ ಲೋಟ ಕೈಗೆ ಕೊಟ್ಟು ನೋಡಿ. ಎರಡೂ ಕೈಯಲ್ಲಿ ಹಿಡಿದರೂ ಬೆರಳ ಮೇಲೆಲ್ಲಾ ಚೆಲ್ಲಿಕೊಳ್ಳುತ್ತಿದ್ದರೆ, ಅಥವಾ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ, ಆಶ್ರಯ ಕೇಂದ್ರದ ಚಾಪೆ ಮೇಲೆ ಮಲಗಿಸಿ ಕುಡಿತ ನಿಲ್ಲಿಸುವ ಸಾಹಸ ಬೇಡ. ನೇರ ಆಸ್ಪತ್ರೆ. ಬೆಂಗಳೂರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್, ಉಳಿದ ಕಡೆ ಜಿಲ್ಲಾಸ್ಪತ್ರೆಯ ಮನೋವೈದ್ಯರು. ಹಾಗಂತ ಅಲ್ಲಿಯವರೆಗೆ ಕುಡಿಯಲಿ ಬಿಡಿ ಅಂತ ಎಳೆಯಬೇಡಿ. ಇವತ್ತೋ ನಾಳೆಯೋ ಹೋಗಿಬಿಡಿ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯದು ಎಷ್ಟು ಹೊತ್ತಿಗೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರ್ ಮುಂದೆ ಎಲ್ಲರೂ ಕಡಿಮೆ ಮಾಡಿಯೇ ಹೇಳುವುದು. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ 14446 ವ್ಯಸನಮುಕ್ತಿ ಸಹಾಯವಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಡ್ಡದಾರಿಗಳಿಗೆ ಬರ ಇಲ್ಲ. ಗಲ್ಲಿಯ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಬಾಟಲ್ ಏರಿಸಿ ಕಳಿಸುತ್ತಾರೆ. ಕುಡಿದು ಕುಡಿದು ಮೈಯಲ್ಲಿ ಥಯಾಮಿನ್ ಅನ್ನುವ ಬಿ1 ವಿಟಮಿನ್ ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಇನ್ನು ಬಸ್‌ಸ್ಟ್ಯಾಂಡ್ ಗೋಡೆಯ 'ಗೊತ್ತಾಗದಂತೆ ಕುಡಿತ ಬಿಡಿಸಿ' ಪುಡಿ. ಒಳಗೇನಿದೆ ಅಂತ ಕೊಟ್ಟವನಿಗೂ ಗೊತ್ತಿರೋದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿ ಸಾರಿಗೆ ಬೆರೆಸುವವರೂ ಇದ್ದಾರೆ. ಅದರ ಮೇಲೆ ಆತ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಕುತ್ತು. ಅದು ಒಳ್ಳೆ ಮಾತ್ರೆಯೇ, ಆದರೆ ನುಂಗುವವನಿಗೆ ಗೊತ್ತಿದ್ದು, ಡಾಕ್ಟರ್ ಕೊಟ್ಟಾಗ ಮಾತ್ರ. ಕಟ್ಟಿಹಾಕಿ ಬಿಡಿಸ್ತೀವಿ ಅನ್ನುವ ಖಾಸಗಿ ಕೇಂದ್ರಗಳತ್ತ ತಲೆಯನ್ನೂ ಹಾಕಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸರಪಳಿ ಹಾಕುವುದಕ್ಕೇ ನಿಷೇಧವಿದೆ. ನೋಂದಣಿ ಪತ್ರ ತೋರಿಸಿ ಅನ್ನಿ, ಅರ್ಧ ಜನ ಅಲ್ಲೇ ತಡವರಿಸುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಮಾತ್ರೆ ಹೆಂಡತಿಯ ಎದುರಿಗೇ ನುಂಗಲಿ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಸಭೆಗೆ ದುಡ್ಡು ಕೊಡಬೇಕಿಲ್ಲ, ಅಲ್ಲಿಗೂ ಹೋಗಲಿ. ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ. ಜನನ ಪತ್ರ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೇ ಹೇಳುತ್ತದೆ. ಆಧಾರ್, ರೇಷನ್ ಕಾರ್ಡಿಗೆ ಆಶ್ರಯ ಕೇಂದ್ರದವರನ್ನೇ ಹಿಡಿಯಿರಿ.

ಮುಂದಿನ ಗಂಡಾಂತರ ಶನಿವಾರದ ಬಟವಾಡೆ. ಗಾರೆ ಕೆಲಸದವರಿಗೆ ವಾರದ ಕೂಲಿ ಕೈಗೆ ಬೀಳುವ ಸಂಜೆ, ಪಕ್ಕದಲ್ಲೇ ಹಳೇ ಗೆಳೆಯರು, ಎದುರಿಗೇ ವೈನ್‌ಶಾಪು. ಕೂಲಿ ಹೆಂಡತಿಯ ಖಾತೆಗೆ ಬೀಳುವ ಹಾಗೆ ಮಾಡಿ. 'ಒಂದು ನೈಂಟಿ ಹಾಕೋ, ಏನಾಗಲ್ಲ' ಅನ್ನುವ ಮೇಸ್ತ್ರಿಯಾಗಿದ್ದರೆ ಮೇಸ್ತ್ರಿಯನ್ನೇ ಬದಲಾಯಿಸಿ, ಕೂಲಿ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ. ಮಧ್ಯೆ ಒಂದು ದಿನ ಜಾರಿದರೆ ಬೈದು ಪ್ರಯೋಜನವಿಲ್ಲ, ಮಾರನೇ ದಿನವೇ ಮತ್ತೆ ಓಪಿಡಿಗೆ ಕರೆದುಕೊಂಡು ಹೋಗಿ.

ರೂಮು ಕೊನೆಗೆ. ನಾಲ್ಕು ಬಟವಾಡೆ ಚೆನ್ನಾಗಿ ದಾಟಿತು ಅಂತ ಸಾಲ ಮಾಡಿ ಅಡ್ವಾನ್ಸ್ ಕಟ್ಟಬೇಡಿ, ಉಳಿತಾಯದಲ್ಲೇ ಆಗಲಿ. ಹಳೇ ಏರಿಯಾ ಬೇಡವೇ ಬೇಡ. ಕರಾರು ಪತ್ರ ಹೆಂಡತಿಯ ಹೆಸರಿಗೇ ಬರೆಸಿ.