ವಿಜಯಪುರದ ಬಿಸಿಲಿನಲ್ಲಿ ಕಲ್ಲುಹವಳ: ಎಲ್ಲಿ ಕೂರಿಸಬೇಕು, ಹೇಗೆ ಸಾಕಬೇಕು

ಕಲ್ಲುಹವಳವನ್ನು, ಅಂದರೆ ಸುಣ್ಣದ ಅಸ್ಥಿ ಕಟ್ಟಿಕೊಳ್ಳುವ ಕಡಲ ಜೀವಿಯನ್ನು, ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಸಾಕಬೇಕೆನ್ನುವವರು ತೊಟ್ಟಿಗಿಂತ ಮೊದಲು ಕಾಗದಪತ್ರದ ಕಡೆ ನೋಡಬೇಕು. ದಿಬ್ಬ ಕಟ್ಟುವ ಹವಳಗಳೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹೀಗಾಗಿ ನಮ್ಮ ಕಡಲಿನಿಂದ ಕಿತ್ತ ಹವಳವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಹೊರದೇಶದಿಂದ ಬರುವ ಹವಳಕ್ಕೂ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು. ದಾಖಲೆ ತೋರಿಸಲಾರದವರಿಂದ ಏನನ್ನೂ ತರಬೇಡಿ; ಸಂಶಯವಿದ್ದರೆ ಕೊಳ್ಳುವ ಮುಂಚೆಯೇ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಅದು ಹವಳಕ್ಕೆ ಒಳ್ಳೆಯದೇ ಎಂದು ವಾದಿಸುವವರನ್ನು ಕಂಡಿದ್ದೇನೆ. ಆದರೆ ಸುಣ್ಣದ ಜೊತೆಗೆ ನೈಟ್ರೇಟ್, ಸಿಲಿಕೇಟ್‌ಗಳೂ ಬರುತ್ತವೆ. ಹವಳಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ. ಆರ್‌ಒ ಯಂತ್ರದಿಂದ ಹೊರಬರುವ ನೀರು ಹಾಯುವಂತೆ, ಉಳಿದ ಲವಣಗಳನ್ನು ಹೀರುವ ಡಿಐ ರಾಳದ ಡಬ್ಬಿಯನ್ನೂ ಜೋಡಿಸಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಆ ನೀರಿಗೆ ಉಪ್ಪು ಬೆರೆಸಬೇಕು. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಂದ್ರತೆ ಸುಮಾರು 1.026 ಇರಲಿ.

ಇಲ್ಲಿಯ ದೊಡ್ಡ ತೊಡಕು ಬೇಸಿಗೆ. ಹವಳದ ಮೈಯೊಳಗೆ ವಾಸಿಸಿ ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹವಳವು ಕಾವು ಹೆಚ್ಚಿ ಹಾಗೆಯೇ ಉಳಿದಾಗ ಹೊರದಬ್ಬುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. 25ರಿಂದ 26 ಡಿಗ್ರಿ ಉತ್ತಮ. 29 ದಾಟದಂತೆ ನೋಡಿಕೊಳ್ಳಬೇಕು. ಹೊರಗೆ 40 ಡಿಗ್ರಿ ಇರುವ ಮಧ್ಯಾಹ್ನಗಳಲ್ಲಿ ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಇಲ್ಲದೆ ಆಗುವುದಿಲ್ಲ. ಆದರೂ ನಮ್ಮ ಒಣಗಾಳಿಯಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಲ್ಲದು. ನೀರು ಆವಿಯಾಗುತ್ತ ಕಾವನ್ನು ಒಯ್ಯುತ್ತದೆ; ಮಣ್ಣಿನ ಹರವಿಯ ನೀರು ತಂಪಾಗುವ ಗುಟ್ಟೂ ಇದೇ. ಮಳೆಗಾಲದ ತೇವದಲ್ಲಿ ಈ ಉಪಾಯ ಅಷ್ಟು ನಡೆಯದು. ಫ್ಯಾನ್ ಹಚ್ಚಿದಾಗ ನನ್ನ 200 ಲೀಟರ್ ತೊಟ್ಟಿಯಿಂದ ಏಪ್ರಿಲ್‌ನಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ನೀರು ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಭರ್ತಿ ಮಾಡುವಾಗ ಉಪ್ಪು ಬೆರೆಸದ ಶೋಧಿಸಿದ ನೀರನ್ನೇ ಹಾಕಬೇಕು.

ಇನ್ನು ಕೂರಿಸುವ ವಿಚಾರ. ಅಕ್ರೊಪೊರಾದಂತಹ ಸಣ್ಣ ಪಾಲಿಪ್‌ನ (ಹವಳದ ಮೈಮೇಲಿನ, ಬಾಯುಳ್ಳ ಒಂದೊಂದು ಜೀವಿ) ಹವಳಗಳಿಗೆ ಕಲ್ಲುರಾಶಿಯ ನೆತ್ತಿ, ಜೋರಾದ ಬೆಳಕು ಹಾಗೂ ದಿಕ್ಕು ಬದಲಿಸುತ್ತಲೇ ಇರುವ ಬಲವಾದ ನೀರಿನ ಸೆಳೆತ ಬೇಕು. ಬೆಳಕಿನ ಲೆಕ್ಕದಲ್ಲಿ ಹೇಳುವುದಾದರೆ 200ರಿಂದ 350 ಪಾರ್ (ಪಾಚಿ ಆಹಾರ ತಯಾರಿಸಲು ಬಳಸುವ ಬೆಳಕಿನ ಅಳತೆ). ಯೂಫಿಲಿಯಾ, ಲೋಬೊಫಿಲಿಯಾಗಳಂತಹ ದೊಡ್ಡ ಪಾಲಿಪ್‌ನವುಗಳಿಗೆ ಕೆಳಗಿನ ಅರ್ಧಭಾಗ ಮತ್ತು 50ರಿಂದ 150 ಪಾರ್ ಸಾಕು. ಫಂಜಿಯಾ ಕಲ್ಲಿಗೆ ಅಂಟದೆ ಸ್ವತಂತ್ರವಾಗಿರುವ ಹವಳವಾದ್ದರಿಂದ ಅದನ್ನು ಮರಳಿನ ಮೇಲೆ ಇಡಬೇಕೇ ಹೊರತು ಕಲ್ಲಿನ ಮೇಲಲ್ಲ. ಪಾರ್ ಮೀಟರ್ ದುಬಾರಿ. ಅದಿಲ್ಲದವರು ಹವಳವನ್ನು ಮೊದಲು ತಳದಲ್ಲಿಟ್ಟು, ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಮೇಲಕ್ಕೆ ತರಲಿ. ಬಣ್ಣ ತಿಳಿಯಾಗುತ್ತ ಹೋದರೆ ಬೆಳಕು ಹೆಚ್ಚಾಗಿರಬಹುದು, ಕಂದಾದರೆ ಕಡಿಮೆಯಾಗಿರಬಹುದು. ಸೆಳೆತವನ್ನು ಅಳೆಯಲು ಕಣ್ಣೇ ಸಾಕು: ಯೂಫಿಲಿಯಾದ ಕರಬಳ್ಳಿಗಳು ಎರೆಹೊಲದ ಜೋಳದ ತೆನೆಗಳಂತೆ ಒಮ್ಮೆ ಅತ್ತ ಒಮ್ಮೆ ಇತ್ತ ತೂಗಬೇಕು. ಒಂದೇ ಕಡೆಗೆ ಮಲಗಿ, ಅಸ್ಥಿಯ ಚೂಪು ಅಂಚು ಮಾಂಸಕ್ಕೆ ಒತ್ತುತ್ತಿದ್ದರೆ ಸೆಳೆತ ಅತಿಯಾಯಿತು. ಕವಲುಗಳ ನಡುವೆ ಕಸ ನಿಂತರೆ ಸೆಳೆತ ಸಾಲದೆಂದು ಅರ್ಥ.

ಹವಳಗಳ ನಡುವೆ ಹಗಲು ನೋಡಿ ಬಿಟ್ಟ ಅಂತರವನ್ನು ನಂಬಬಾರದೆಂದು ನಾನು ಪೆಟ್ಟು ತಿಂದೇ ಕಲಿತೆ. ಗ್ಯಾಲಾಕ್ಸಿಯಾ ಎಂಬ ಹವಳದಿಂದ ನಾಲ್ಕು ಬೆರಳು ದೂರದಲ್ಲಿಟ್ಟಿದ್ದ ಮಾಂಟಿಪೊರಾ ಹವಳದ ಒಂದು ಅಂಚು ವಾರದೊಳಗೆ ಬೆಳ್ಳಗಾಯಿತು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ನೋಡಿದರೆ, ಹಗಲು ಕಾಣದ ಗ್ಯಾಲಾಕ್ಸಿಯಾದ ಗಾಜಿನೆಳೆಯಂತಹ ಕುಟುಕು ಎಳೆಗಳು ಅಷ್ಟೂ ದೂರ ಚಾಚಿ ಅದೇ ಅಂಚನ್ನು ಸವರುತ್ತಿದ್ದವು. ಇಂತಹ ಜಗಳಗಂಟ ಹವಳಗಳ ಸುತ್ತ ಒಂದು ಗೇಣು ಜಾಗ ಬಿಡಿ.

ಹೊಸ ತುಣುಕನ್ನು ಅಂಟಿಸುವ ಮುನ್ನ ಹವಳದ ಡಿಪ್ ದ್ರಾವಣದಲ್ಲಿ ಬಾಟಲಿಯ ಸೂಚನೆಯಷ್ಟು ಹೊತ್ತು ಅದ್ದಿ ಅಲುಗಾಡಿಸಿದರೆ ಚಪ್ಪಟೆ ಹುಳುಗಳು ಉದುರುತ್ತವೆ. ಮೊಟ್ಟೆಗಳು ಮಾತ್ರ ಉದುರುವುದಿಲ್ಲ, ಹೀಗಾಗಿ ತುಣುಕು ಅಂಟಿಕೊಂಡು ಬಂದ ಬಿಲ್ಲೆಯನ್ನು ಕತ್ತರಿಸಿ ಎಸೆಯುವುದು ಕ್ಷೇಮ. ಅಂಟಿಗೆ ಜೆಲ್ ರೂಪದ ಸೈನೊಅಕ್ರಿಲೇಟ್ (ಸೂಪರ್‌ಗ್ಲೂ) ಸಾಕು. ಒಮ್ಮೆ ಅಂಟಿಸಿದ ಮೇಲೆ ದಿನಕ್ಕೊಂದು ಕಡೆ ಕದಲಿಸಬೇಡಿ.

ಕಲ್ಲುಹವಳ ತನ್ನ ಅಸ್ಥಿಯನ್ನು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್‌ನಿಂದ ಕಟ್ಟಿಕೊಳ್ಳುತ್ತದೆ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ ಸುಮಾರು 1,300 ಪಿಪಿಎಂ, ಕ್ಷಾರೀಯತೆ ಅದರ ಮಾನವಾದ ಡಿಕೆಎಚ್‌ನಲ್ಲಿ 8ರಿಂದ 9 ಇರಲಿ. ಮೂರರಲ್ಲಿ ಬೇಗ ಏರಿಳಿಯುವುದು ಕ್ಷಾರೀಯತೆ. ಅದನ್ನು ವಾರಕ್ಕೆರಡು ಸಲ ಒಂದೇ ಹೊತ್ತಿಗೆ ಅಳೆಯಿರಿ, ಕಡಿಮೆಯಾಗಿದ್ದರೂ ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಕ್ಯಾಲ್ಸಿಯಂ ಮತ್ತು ಕ್ಷಾರದ ದ್ರಾವಣಗಳನ್ನು ಒಟ್ಟಿಗೆ ಸುರಿದರೆ ಹವಳದ ಮೈಸೇರುವ ಬದಲು ತೊಟ್ಟಿಯ ನೀರಿನಲ್ಲೇ ಸುಣ್ಣವಾಗಿ ಕದಡಿ ತಳ ಸೇರುತ್ತವೆ.

ಕರೆಂಟ್ ಹೋದಾಗ ಬೆಳಕಿನ ಚಿಂತೆ ಬೇಡ. ನೀರು ನಿಂತು ಆಮ್ಲಜನಕ ಇಳಿಯುವುದೇ ಅಪಾಯ. ಮನೆಯ ಇನ್ವರ್ಟರ್‌ಗೆ ತೊಟ್ಟಿಯೊಳಗೆ ನೀರು ತಳ್ಳುವ ವೇವ್‌ಮೇಕರ್ ಒಂದನ್ನೇ ಜೋಡಿಸಿ, ಬ್ಯಾಟರಿಯ ಏರ್‌ಪಂಪ್ ಒಂದನ್ನು ಪಕ್ಕದಲ್ಲಿಟ್ಟಿರಿ. ನೀರು ಮೇಲೆತ್ತುವ ಪಂಪ್ ನಿಂತೊಡನೆ ತೊಟ್ಟಿಯ ನೀರು ಸಂಪ್‌ಗೆ, ಅಂದರೆ ಕೆಳಗಿನ ಸಣ್ಣ ಗಾಜಿನ ತೊಟ್ಟಿಗೆ, ಇಳಿಯುವುದರಿಂದ, ಒಮ್ಮೆ ಬೇಕೆಂದೇ ಸ್ವಿಚ್ ಆರಿಸಿ ಸಂಪ್‌ನ ನೀರು ಎಷ್ಟು ಏರುತ್ತದೆಂದು ನೋಡಿ, ಉಕ್ಕದಂತೆ ತುಂಬಬಹುದಾದ ಮಟ್ಟಕ್ಕೆ ಸಂಪ್‌ನ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಡಿ.