ಚಂದ್ರಗಿರಿಯ ಕರಿಮೀನು, ಉಪ್ಪುನೀರು ಮತ್ತು ಕಿವಿರಿನ ಜೀನುಗಳು

ಮಳೆಗಾಲದಲ್ಲಿ ಬಹುಮಟ್ಟಿಗೆ ಸಿಹಿಯಾಗಿಯೂ ಬೇಸಿಗೆಯಲ್ಲಿ ಕಡಲಿನ ಉಪ್ಪನ್ನು ಸಮೀಪಿಸುವಂತೆಯೂ ಬದಲಾಗುವ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಕರಿಮೀನು ಎರಡೂ ಕಾಲದಲ್ಲಿ ಬಲೆಗೆ ಬೀಳುತ್ತದೆ. ಮೀನಿನ ರಕ್ತದ ಉಪ್ಪು ಕಡಲನೀರಿನ ಸುಮಾರು ಮೂರನೇ ಒಂದು ಪಾಲು ಮಾತ್ರ. ಆದ್ದರಿಂದ ಕಿವಿರಿನ ಕೆಲವು ಕೋಶಗಳು ಉಪ್ಪುನೀರಿನಲ್ಲಿ ಲವಣವನ್ನು ಹೊರದೂಡಬೇಕು, ಸಿಹಿನೀರಿನಲ್ಲಿ ಒಳಸೆಳೆದುಕೊಳ್ಳಬೇಕು. ಈ ತಿರುವನ್ನು ಜೀನುಗಳ ಮಟ್ಟದಲ್ಲಿ ನೋಡುವುದು ನನ್ನ ಉದ್ದೇಶವಾಗಿತ್ತು.

ಮೊದಲ ಸಲ ದೋಣಿಯಲ್ಲಿಯೇ ಕಿವಿರು ಕತ್ತರಿಸಿ, ಮಂಜುಗಡ್ಡೆಯ ಮೇಲಿಟ್ಟು ತಂದೆ. ಪ್ರಯೋಗಾಲಯ ತಲುಪುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಜೀನು ಬಳಕೆಯಾಗುವಾಗ ಹುಟ್ಟುವ ಅದರ ನಕಲು ಆರ್‌ಎನ್‌ಎ. ಅದನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಎರಡು ಸ್ಪಷ್ಟ ಪಟ್ಟೆಗಳು ಕಾಣಬೇಕಾದಲ್ಲಿ ಉದ್ದಕ್ಕೂ ಹರಡಿದ ಮಸುಕು ಕಂಡಿತು, ಅಂದರೆ ಆರ್‌ಎನ್‌ಎ ಚೂರುಚೂರಾಗಿತ್ತು. “ಮಾಷ್ಟ್ರೆ, ಜೀವಂತವಾಗಿಯೇ ಒಯ್ಯಬಾರದೇ?” ಎಂದು ದೋಣಿಯವರು ಕೇಳಿದಾಗ ನಾಚಿಕೆಯಾಯಿತು.

ಜೀವಂತ ಮೀನು ಕೈಗೆ ಬಂದ ಮೇಲೆ ಪ್ರಯೋಗವೇ ಬದಲಾಯಿತು. ಒಂದೇ ಬಲೆಯ ಮೀನುಗಳನ್ನು ಎರಡು ತೊಟ್ಟಿಗಳಿಗೆ ಹಂಚಿ, ಒಂದನ್ನು ಸಿಹಿನೀರಿನಲ್ಲಿಯೇ ಉಳಿಸಿ, ಇನ್ನೊಂದರ ಲವಣಾಂಶವನ್ನು ದಿನಕ್ಕೆ ಸಾವಿರಕ್ಕೆ ಮೂರರಂತೆ ಮೂವತ್ತರವರೆಗೆ ಏರಿಸಿದೆ. ಎರಡು ವಾರಗಳ ನಂತರ ಲವಂಗದೆಣ್ಣೆ ಬೆರೆಸಿದ ನೀರಿನಲ್ಲಿ ಪ್ರಜ್ಞೆ ತಪ್ಪಿಸಿ, ಕಿವಿರನ್ನು ಕೂಡಲೇ ಸಂರಕ್ಷಕ ದ್ರಾವಣಕ್ಕೆ ಹಾಕಿದೆ. ಅಲ್ಲಿಯೂ ಒಂದು ಎಡವಟ್ಟು ಕಾದಿತ್ತು: ಬದಲಾಗದ ಅಳತೆಗೋಲೆಂದು ಆಯ್ದುಕೊಂಡ ಬೀಟಾ ಆಕ್ಟಿನ್ ಜೀನು ಉಪ್ಪಿನೊಡನೆ ತಾನೇ ಏರಿಳಿಯುತ್ತಿತ್ತು. ಅದನ್ನು ಕೈಬಿಟ್ಟು, ಎರಡೂ ತೊಟ್ಟಿಗಳಲ್ಲಿ ಸ್ಥಿರವಾಗಿದ್ದ ಬೇರೆ ಎರಡು ಜೀನುಗಳನ್ನು ಆಧಾರವಾಗಿಟ್ಟುಕೊಂಡು ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು.

ಸೋಡಿಯಂ, ಪೊಟ್ಯಾಸಿಯಂ ಮತ್ತು ಕ್ಲೋರೈಡನ್ನು ಒಟ್ಟಾಗಿ ಕೋಶದೊಳಕ್ಕೆ ತರುವ ಎನ್‌ಕೆಸಿಸಿ1 ಮತ್ತು ಆ ಕ್ಲೋರೈಡನ್ನು ನೀರಿಗೆ ಬಿಡುವ ಸಿಎಫ್‌ಟಿಆರ್, ಈ ಎರಡು ಪ್ರೋಟೀನುಗಳ ಆರ್‌ಎನ್‌ಎಯೂ ಉಪ್ಪುನೀರಿನ ಮೀನುಗಳಲ್ಲಿ ಹೆಚ್ಚಾಗಿತ್ತು. ಮೀನಿನಲ್ಲಿ ಹೊಸ ಜೀನೇನೂ ಹುಟ್ಟಿರಲಿಲ್ಲ. ಇದ್ದುದರ ಬಳಕೆಯಷ್ಟೇ ಬದಲಾಗಿತ್ತು. ಇದನ್ನು ವಂಶಪಾರಂಪರ್ಯ ಹೊಂದಾಣಿಕೆಯೆಂದು ಕರೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ. ಸ್ಟಿಕಲ್‌ಬ್ಯಾಕ್ ಮೀನಿನ ಕಥೆ ಬೇರೆ: 2012ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನದ ಪ್ರಕಾರ, ಕೋಶದಿಂದ ಸೋಡಿಯಂ ಹೊರದೂಡಿ ಪೊಟ್ಯಾಸಿಯಂ ಒಳತರುವ ಸೋಡಿಯಂ-ಪೊಟ್ಯಾಸಿಯಂ ಪಂಪಿನ ಜೀನನ್ನು ಹೊತ್ತ ವರ್ಣತಂತುವಿನ ಒಂದು ತುಂಡು ಕಡಲಿನ ಮತ್ತು ಸಿಹಿನೀರಿನ ಮೀನುಗಳಲ್ಲಿ ಪರಸ್ಪರ ತಲೆಕೆಳಗಾಗಿದೆ.

ಅಂಥ ವ್ಯತ್ಯಾಸ ಕರಿಮೀನಿನಲ್ಲಿಯೂ ಇದೆಯೇ ಎಂದು ನೋಡಲು ಈಗ ಅಳಿವೆಯಿಂದಲೂ ಒಳನಾಡಿನ ಕೆರೆಗಳಿಂದಲೂ ರೆಕ್ಕೆಯ ಚೂರುಗಳನ್ನು ಆಲ್ಕೊಹಾಲಿನಲ್ಲಿ ಸಂಗ್ರಹಿಸುತ್ತಿದ್ದೇನೆ. ಡಿಎನ್‌ಎಗೆ ಮಂಜುಗಡ್ಡೆಯ ಅವಸರವಿಲ್ಲ; ಚೂರು ತೆಗೆದ ಮೀನನ್ನು ದೋಣಿಯವರು ಹೊಳೆಗೇ ಬಿಡುತ್ತಾರೆ.